ಮ್ಯಾನ್ಯುವಲ್‌ಗೆ ಸ್ಪೆಲ್ ಚೆಕರ್ ಹಾಕಿ ಪಳಗಿಸಿದವರು ಸ್ವಲ್ಪ ಹೇಳಿ

ಗೋಣಿಕೊಪ್ಪಲಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾಫಿ ತೋಟದ ಲೆಕ್ಕಕ್ಕೆ ನಾವು ಮೂರು ಜನ ಸೇರಿ ಒಂದು ಸಾಫ್ಟ್‌ವೇರ್ ಮಾಡಿದ್ದೇವೆ. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ವಾರದ ಸಂಬಳ, ಕುಯ್ಲಿನ ತೂಕ, ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಹೊಟ್ಟು ತೆಗೆಯದ ಕಾಫಿ ಬೀಜ) ಸ್ಟಾಕು ಎಲ್ಲ ಅದರಲ್ಲಿದೆ. ಬಳಸುವವರು ತೋಟದ ರೈಟರ್‌ಗಳು, ಅಂದರೆ ಲೆಕ್ಕ ಬರೆಯುವವರು. ಮ್ಯಾನ್ಯುವಲ್ ಇಂಗ್ಲಿಷ್, ಕನ್ನಡ ಎರಡರಲ್ಲೂ ಇದೆ. ಮಾರ್ಕ್‌ಡೌನ್ (ಸರಳ ಗುರುತು ಹಾಕಿದ ಟೆಕ್ಸ್ಟ್) ಫೈಲುಗಳು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟಿದ್ದೇವೆ. ನಾವು ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ ಸ್ಪೆಲ್ ಚೆಕರ್ ಹಾಕಿದ್ದೇ ತಡ, ಪುಟದ ತುಂಬ ಅಂಕುಡೊಂಕು ಗೆರೆ. ನಿಜವಾದ ತಪ್ಪು ಯಾವುದು, ನಮ್ಮ ಪದ ಯಾವುದು ಗೊತ್ತಾಗುತ್ತಿಲ್ಲ. ಯಾವ ಟೂಲ್ ಹಾಕಬೇಕು, ಹೇಗೆ ಹೊಂದಿಸಬೇಕು? ಕನ್ನಡ ಪುಟಗಳಿಗೆ ಏನಾದರೂ ದಾರಿ ಇದೆಯಾ?

ಮಡಿಕೇರಿಯಿಂದ, ಸಾಫ್ಟ್‌ವೇರ್ ಮ್ಯಾನ್ಯುವಲ್ ಬರೆಯುವವರು

ಟೂಲ್ ಯಾವುದು ಅನ್ನೋದು ಆಮೇಲೆ. ಮೊದಲು ಅದು ಏನನ್ನು ಓದಬಾರದು ಅಂತ ಹೇಳಿ. ನಿಮ್ಮ ಗೆರೆಗಳಲ್ಲಿ ಜಾಸ್ತಿ ಪಾಲು ಕೋಡ್ ಬ್ಲಾಕ್, ಸಾಲಿನ ನಡುವಿನ ಕೋಡ್, ಲಿಂಕ್ ವಿಳಾಸ, ಫೈಲಿನ ತಲೆಯಲ್ಲಿರುವ ಮೆಟಾಡೇಟಾ, ಇವುಗಳಿಂದಲೇ ಬಂದಿರುತ್ತದೆ. ಅವು ಓದುವ ಬರಹವೇ ಅಲ್ಲ.

ನೀವು ಹಾಕಿರೋದು ಬಹುಶಃ ಕೋಡ್ ಸ್ಪೆಲ್ ಚೆಕರ್. ಅದರೊಳಗೆ ಕೆಲಸ ಮಾಡುವುದು ಸಿಸ್ಪೆಲ್. ಅದರ ಸೆಟ್ಟಿಂಗ್ ಫೈಲಿನಲ್ಲಿ ಬಿಡಬೇಕಾದ ಫೋಲ್ಡರ್‌ಗಳಿಗೆ ಒಂದು ಪಟ್ಟಿ ಇದೆ, ಬಿಡಬೇಕಾದ ಪ್ಯಾಟರ್ನ್‌ಗಳಿಗೆ ಇನ್ನೊಂದು. ಮೂರು ಬ್ಯಾಕ್‌ಟಿಕ್‌ಗಳ ನಡುವೆ ಇರುವುದನ್ನು ಬಿಡು ಅಂತ ರೆಗೆಕ್ಸ್ (ಹುಡುಕುವ ಪ್ಯಾಟರ್ನ್ ಬರೆಯುವ ಸೂತ್ರ) ಬರೆದು ಎರಡನೆಯದಕ್ಕೆ ಸೇರಿಸಿ. ಕನ್ನಡ ಫೋಲ್ಡರನ್ನು ಸದ್ಯಕ್ಕೆ ಮೊದಲನೆಯದಕ್ಕೆ ಹಾಕಿ. ಅದರ ಕಥೆಯೇ ಬೇರೆ, ಯಾರಾದರೂ ಹೇಳುತ್ತಾರೆ.

ಆಮೇಲೆ ಪದಪಟ್ಟಿ. ಸಿಸ್ಪೆಲ್ ಅನ್ನು ಕಮಾಂಡ್ ಲೈನ್‌ನಲ್ಲಿ ಓಡಿಸುವಾಗ 'ವರ್ಡ್ಸ್ ಓನ್ಲಿ', 'ಯುನೀಕ್' ಅನ್ನುವ ಎರಡು ಆಯ್ಕೆ ಕೊಟ್ಟರೆ ಅದಕ್ಕೆ ಗೊತ್ತಿಲ್ಲದ ಪದಗಳೆಲ್ಲ ಒಂದೊಂದೇ ಸಲ ಬರುತ್ತವೆ. ಅದನ್ನು ಒಂದು ಫೈಲಿಗೆ ಇಳಿಸಿ, ಕೂತು ಓದಿ. ತಪ್ಪುಗಳನ್ನು ಮ್ಯಾನ್ಯುವಲ್‌ನಲ್ಲೇ ಸರಿ ಮಾಡಿ. ಚೆಕ್‌ರೋಲ್‌ನಂಥ ನಿಮ್ಮ ಪದಗಳನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿ. ಬೇಸರದ ಕೆಲಸವೇ, ಆದರೆ ಈ ಮೊದಲ ಸುತ್ತಿಗೆ ಒಳದಾರಿ ಇಲ್ಲ. ಗೆರೆ ಕಂಡಾಗಲೆಲ್ಲ 'ಪದಕೋಶಕ್ಕೆ ಸೇರಿಸು' ಒತ್ತುತ್ತಾ ಹೋದರೆ ತಪ್ಪುಗಳೇ ಪದಕೋಶಕ್ಕೆ ಸೇರಿಕೊಳ್ಳುತ್ತವೆ. ಆಮೇಲೆ ಆ ಟೂಲ್ ಇದ್ದೂ ಇಲ್ಲದ ಹಾಗೆ.

ಪಟ್ಟಿಯನ್ನು ಸೆಟ್ಟಿಂಗ್ ಫೈಲಿನೊಳಗೇ ತುರುಕಬೇಡಿ. ಬೇರೆ ಟೆಕ್ಸ್ಟ್ ಫೈಲು, ಸಾಲಿಗೊಂದು ಪದ, ಅಕಾರಾದಿ. ಅದು ಗಿಟ್‌ನಲ್ಲೇ ಇರಲಿ, ನಿಮ್ಮ ಲ್ಯಾಪ್‌ಟಾಪಿನ ಸ್ವಂತ ಪದಕೋಶದಲ್ಲಿ ಅಲ್ಲ. ಹೊಸ ಪದ ಸೇರಿದರೆ ಕೋಡ್ ನೋಡುವ ಹಾಗೆ ಇನ್ನೊಬ್ಬರು ಅದನ್ನೂ ನೋಡಲಿ.

ಇನ್ನೊಂದು: ಸಿಸ್ಪೆಲ್ ಮಾಮೂಲಾಗಿ ನಾಲ್ಕು ಅಕ್ಷರಕ್ಕಿಂತ ಚಿಕ್ಕ ಇಂಗ್ಲಿಷ್ ಪದ ನೋಡುವುದಿಲ್ಲ. ಅವಸರದಲ್ಲಿ 'ದಿ' ಪದದ ಅಕ್ಷರ ಹಿಂದುಮುಂದಾದರೆ ಅದರ ಕಣ್ಣಿಗೆ ಬೀಳಲ್ಲ. ಅದಕ್ಕೇ ಜೊತೆಗೆ ಕೋಡ್‌ಸ್ಪೆಲ್ ಕೂಡ ಓಡಿಸುತ್ತೇನೆ. ಹೆಸರು ಒಂದೇ ಥರ ಕೇಳಿಸಿದರೂ ಎರಡೂ ಬೇರೆ. ಸಿಸ್ಪೆಲ್ ಗೊತ್ತಿಲ್ಲದ ಪದವನ್ನೆಲ್ಲ ಅನುಮಾನಿಸುತ್ತದೆ. ಕೋಡ್‌ಸ್ಪೆಲ್ ಹತ್ತಿರ ಇರೋದು ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ಪಟ್ಟಿ ಮಾತ್ರ. ಆ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಸುಮ್ನೆ ಇರುತ್ತದೆ. ಮೂರು ಜನರ ತಂಡಕ್ಕೆ ಅದೊಂದನ್ನೇ ಮೊದಲು ಹಾಕಿದರೂ ಲಾಭವೇ.

ವಿರಾಜಪೇಟೆಯಿಂದ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಜಿಲ್ಲೆಯ ಊರ ಹೆಸರುಗಳು ಇಂಗ್ಲಿಷಿನಲ್ಲಿ ದೊಡ್ಡ ತಲೆನೋವು. ನಮ್ಮೂರನ್ನೇ ಮೂರ್ನಾಲ್ಕು ಥರ ಬರೆಯುತ್ತಾರೆ. ಗೋಣಿಕೊಪ್ಪ, ಗೋಣಿಕೊಪ್ಪಲು ಎರಡೂ ಓಡಾಡುತ್ತವೆ. ಹಳೇ ಕಾಗದ ನೋಡಿ ಬರೆಯುವವರು ಮಡಿಕೇರಿಗೆ ಮರ್ಕೆರಾ, ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಅಂತಲೂ ಹಾಕುತ್ತಾರೆ. ಪದಪಟ್ಟಿಗೆ ಎಲ್ಲವನ್ನೂ ಸೇರಿಸಿದರೆ ಗೆರೆ ಹೋಗುತ್ತದೆ, ಗೊಂದಲ ಹೋಗಲ್ಲ. ಮ್ಯಾನ್ಯುವಲ್‌ನಲ್ಲಿ ಒಂದು ರೂಪ, ಡ್ರಾಪ್‌ಡೌನ್‌ನಲ್ಲಿ ಇನ್ನೊಂದು ಇದ್ದರೆ ರೈಟರ್ ಹುಡುಕಿ ಹುಡುಕಿ ಫೋನ್ ಮಾಡುತ್ತಾರೆ.

ಇದಕ್ಕೆ ವೇಲ್ ನೋಡಿ, ಬರಹದ ಶೈಲಿ ಪರೀಕ್ಷಿಸುವ ಟೂಲ್. ಮಾರ್ಕ್‌ಡೌನ್ ರಚನೆ ಅದಕ್ಕೆ ಗೊತ್ತು, ಕೋಡ್ ಬ್ಲಾಕನ್ನು ತಾನಾಗಿಯೇ ಬಿಡುತ್ತದೆ. ಅದರಲ್ಲಿ ಎರಡು ಫೈಲು: ಒಪ್ಪುವ ಪದಗಳದ್ದು ಒಂದು, ಬೇಡದ ಪದಗಳದ್ದು ಒಂದು. ಒಪ್ಪುವ ಪಟ್ಟಿಯಲ್ಲಿ ಹೇಗೆ ಬರೆದಿದ್ದೀರೋ ಹಾಗೇ ಬರೆಯಬೇಕು ಅಂತ ಅದು ಹಟ ಹಿಡಿಯುತ್ತದೆ. ಗಿಟ್‌ಹಬ್‌ನ ಎರಡು ದೊಡ್ಡಕ್ಷರ ಬಿಟ್ಟರೂ ಹೇಳುತ್ತದೆ. ವೇಲ್ ಮೂರನೇ ಆವೃತ್ತಿಯಿಂದ ಈ ಫೈಲುಗಳ ಜಾಗ ಬದಲಾಗಿದೆ. ಸ್ಟೈಲ್ಸ್ ಫೋಲ್ಡರಿನೊಳಗೆ ಕಾನ್ಫಿಗ್, ಅದರೊಳಗೆ ವೊಕ್ಯಾಬುಲರೀಸ್. ಹಳೇ ಪಾಠ ನೋಡಿ ಇಟ್ಟರೆ ಪಟ್ಟಿ ಓದಿಸಿಕೊಳ್ಳುವುದೇ ಇಲ್ಲ.

ಸೋಮವಾರಪೇಟೆಯಿಂದ, ಕನ್ನಡ ಅನುವಾದ ಮಾಡುವವರು

ಕನ್ನಡದ ಭಾಗ ನಾನು ಹೇಳುತ್ತೇನೆ. ಹನ್‌ಸ್ಪೆಲ್ ಅನ್ನುವ ಸ್ಪೆಲ್ ಚೆಕರ್‌ಗೆ ಕನ್ನಡ ಪದಕೋಶ ಇದೆ. ಅದನ್ನು ಹಾಕಿಕೊಂಡು ಮ್ಯಾನ್ಯುವಲ್ ಪರೀಕ್ಷಿಸುವುದು ಬೇಡ ಅಂತ ನನ್ನ ಅಭಿಪ್ರಾಯ. 'ತೋಟ' ಅದರಲ್ಲಿ ಇರಬಹುದು. 'ತೋಟದಲ್ಲಿದ್ದವರಿಗೂ', 'ತೋಟಗಳಿಂದಲೇ' ಇವನ್ನೆಲ್ಲ ಎಲ್ಲಿಂದ ತರೋದು? ಪ್ರತ್ಯಯದ ಮೇಲೆ ಪ್ರತ್ಯಯ ಕೂಡುವ ಭಾಷೆಯಲ್ಲಿ ಎಲ್ಲ ರೂಪಗಳನ್ನೂ ಪಟ್ಟಿ ಮಾಡಲು ಆಗಲ್ಲ. ಹನ್‌ಸ್ಪೆಲ್‌ನಲ್ಲಿ ಪ್ರತ್ಯಯದ ನಿಯಮ ಬರೆಯಲು ಬೇರೆ ಫೈಲು ಇದೆ, ನಿಜ. ಆದರೆ ಅದನ್ನು ಪೂರ್ತಿ ಬರೆಯುವುದು ವ್ಯಾಕರಣ ಪುಸ್ತಕ ಬರೆದಷ್ಟೇ ಕೆಲಸ. ಮೂರು ಜನರ ತಂಡಕ್ಕೆ ಅಲ್ಲ.

ಹಾಗಾಗಿ ಕನ್ನಡಕ್ಕೆ ತಪ್ಪುಗಳ ಪಟ್ಟಿಯೇ ಸರಿ. ಮಡಿಕೇರಿ ಮೇಡಂ ಹೇಳಿದ ಕೋಡ್‌ಸ್ಪೆಲ್ ರೀತಿಯದು. 'ದೃಡೀಕರಣ' ಕಂಡರೆ 'ದೃಢೀಕರಣ', 'ಧಾಖಲೆ' ಕಂಡರೆ 'ದಾಖಲೆ', 'ಸಂಭಳ' ಕಂಡರೆ 'ಸಂಬಳ'. ಅಲ್ಪಪ್ರಾಣ ಮಹಾಪ್ರಾಣ, ಶ ಷ, ಲ ಳ, ಈ ಮೂರು ಜಾಗದಲ್ಲೇ ಬಹಳಷ್ಟು ತಪ್ಪು ಸಿಗುತ್ತವೆ.

ಆದರೆ ಕೋಡ್‌ಸ್ಪೆಲ್‌ಗೆ ಕನ್ನಡ ಪಟ್ಟಿ ಕೊಟ್ಟರೆ ಹಾಗೇ ಕೆಲಸ ಮಾಡಲ್ಲ. ಅದು ಪೈಥಾನ್. ಪೈಥಾನ್‌ನ ರೆಗೆಕ್ಸ್‌ನಲ್ಲಿ 'ಪದದ ಅಕ್ಷರ' ಅನ್ನುವ ಗುಂಪಿಗೆ ನಮ್ಮ ಗುಣಿತದ ಚಿಹ್ನೆಗಳು ಸೇರಿಲ್ಲ, ಒತ್ತಕ್ಷರ ಮಾಡುವ ಚಿಹ್ನೆಯೂ ಸೇರಿಲ್ಲ. 'ಕಾಫಿ' ಅಂತ ಬರೆದರೆ ಅದಕ್ಕೆ 'ಕ' ಬೇರೆ, 'ಫ' ಬೇರೆ. ಪದ ಅಂದರೆ ಯಾವುದು ಅಂತ ರೆಗೆಕ್ಸ್ ಆಯ್ಕೆಯಲ್ಲಿ ನಾವೇ ಹೇಳಬೇಕು: ಯೂನಿಕೋಡ್‌ನ ಕನ್ನಡ ಭಾಗ ಪೂರ್ತಿ, ಜೊತೆಗೆ ಕಣ್ಣಿಗೆ ಕಾಣದ ಎರಡು ಜಾಯ್ನರ್‌ಗಳು (ಅಕ್ಷರ ಕೂಡಿಸುವ, ಬಿಡಿಸುವ ಗುರುತುಗಳು). ಹಾಗೆ ಹೇಳಿದರೂ ಅದು ಇಡೀ ಪದಕ್ಕೆ ಮಾತ್ರ ಹೋಲಿಸುತ್ತದೆ. 'ದೃಡೀಕರಣ' ಸಿಗುತ್ತದೆ, 'ದೃಡೀಕರಣಕ್ಕಾಗಿ' ತಪ್ಪಿಸಿಕೊಳ್ಳುತ್ತದೆ.

ನನಗೆ ಒಗ್ಗಿದ್ದು ವೇಲ್‌ನ ಸಬ್‌ಸ್ಟಿಟ್ಯೂಷನ್ ನಿಯಮ. ಎಡಕ್ಕೆ ತಪ್ಪು, ಬಲಕ್ಕೆ ಸರಿ. ಅದರಲ್ಲಿ 'ನಾನ್‌ವರ್ಡ್' ಅನ್ನು 'ಟ್ರೂ' ಮಾಡಿ. ಆಗ ಪದದ ಗಡಿ ನೋಡದೆ ಬರಹದ ಒಳಗೆಲ್ಲ ಹುಡುಕುತ್ತದೆ. ಪ್ರತ್ಯಯ ಏನೇ ಅಂಟಿಕೊಂಡಿದ್ದರೂ ಮೂಲ ಸಿಗುತ್ತದೆ. ಒಂದೇ ಎಚ್ಚರ, ಚಿಕ್ಕ ತುಂಡುಗಳನ್ನು ಹಾಕಬೇಡಿ. 'ಪಲ' ತಪ್ಪು, 'ಫಲ' ಸರಿ ಅಂತ ಸೇರಿಸಿದಿರಿ ಅನ್ನಿ, ನಿಮ್ಮ ಮ್ಯಾನ್ಯುವಲ್‌ನ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಎಲ್ಲ ಫಲ್ಪರ್ ಆಗಬೇಕು ಅನ್ನುತ್ತದೆ! ಪಲ್ಯವನ್ನೂ ಬಿಡಲ್ಲ.

ಇನ್ನು ಕಾಣದ ತೊಂದರೆ. 'ಕೊ' ಅನ್ನುವುದರ ಚಿಹ್ನೆಯನ್ನು ಒಂದೇ ಯೂನಿಕೋಡ್ ಸಂಕೇತದಿಂದಲೂ ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಚೆಕರ್‌ಗೆ ಬೇರೆ ಬೇರೆ. ಹಳೇ ಫಾಂಟಿನಿಂದ ಪರಿವರ್ತಿಸಿದ ಬರಹ ಇದ್ದರೆ ಮೊದಲು ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಯನ್ನು ಒಂದೇ ಸಂಕೇತ ಮಾಡುವ ಯೂನಿಕೋಡ್ ರೂಪ) ತನ್ನಿ. ಪೈಥಾನ್‌ನಲ್ಲಿ ಒಂದೆರಡು ಸಾಲಿನ ಕೆಲಸ. 'ಫೈಲ್‌ಗಳು', 'ಫೈಲ್ ಗಳು', 'ಫೈಲುಗಳು' ಇವುಗಳಲ್ಲಿ ಯಾವುದು ಅಂತ ನೀವೇ ಕೂತು ತೀರ್ಮಾನ ಮಾಡಿ. ನನಗೆ ಮೂರನೆಯದು ಇಷ್ಟ, ಕಾಣದ ಜಾಯ್ನರ್‌ನ ರಗಳೆಯೇ ಇರಲ್ಲ.

ಗೋಣಿಕೊಪ್ಪಲಿನಿಂದ, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಪಲ್ಪರ್ ವಿಷಯ ಓದಿ ನಕ್ಕುಬಿಟ್ಟೆವು. ಇನ್ನೊಂದು ಕೇಳಬೇಕಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅನ್ನುವ ದಿನ ಜಾಸ್ತಿ. ಪರೀಕ್ಷೆಯನ್ನು ಸರ್ವರ್‌ನಲ್ಲಿ ಇಡಬೇಕಾ, ನಮ್ಮ ಲ್ಯಾಪ್‌ಟಾಪಿನಲ್ಲೇ ಸಾಕಾ? ತಪ್ಪಿದ್ದರೆ ಪುಷ್ (ಸರ್ವರ್‌ಗೆ ಕಳಿಸುವುದು) ತಡೆಯಬೇಕಾ?

ಮಡಿಕೇರಿಯಿಂದ

ಇಲ್ಲಿ ಹೇಳಿದ ಟೂಲ್‌ಗಳೆಲ್ಲ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ವೇಲ್‌ಗೆ ಹೊರಗಿನ ಸ್ಟೈಲ್ ಪ್ಯಾಕೇಜ್ ಬೇಕಾದರೆ ಮಾತ್ರ 'ಸಿಂಕ್' ಮಾಡುವಾಗ ನೆಟ್ ಬೇಕು. ಅದನ್ನು ಮಳೆ ಹಿಡಿಯುವ ಮೊದಲೇ ಮಾಡಿಕೊಳ್ಳಿ. ಕಮಿಟ್ ಮಾಡುವಾಗ (ಗಿಟ್‌ಗೆ ಬದಲಾವಣೆ ದಾಖಲಿಸುವಾಗ) ಬದಲಾದ ಫೈಲುಗಳನ್ನಷ್ಟೇ ನೋಡುವ ಹುಕ್, ಅಂದರೆ ತಾನಾಗಿ ಓಡುವ ಸ್ಕ್ರಿಪ್ಟ್, ಹಾಕಿ. ಸರ್ವರ್‌ನಲ್ಲೂ ಅದೇ ಸೆಟ್ಟಿಂಗ್ ಫೈಲು ಓಡಲಿ, ನೆಟ್ ಬಂದಾಗ ಅದರ ಪಾಡಿಗೆ ಅದು ನೋಡಿಕೊಳ್ಳುತ್ತದೆ. ಎರಡು ಕಡೆ ಎರಡು ಸೆಟ್ಟಿಂಗ್ ಮಾತ್ರ ಬೇಡ.

ತಡೆಯುವುದು ಪಟ್ಟಿ ಒಂದು ಹದಕ್ಕೆ ಬಂದ ಮೇಲೆ. ಅಲ್ಲಿವರೆಗೆ ಬರೀ ಎಚ್ಚರಿಕೆ ಸಾಕು.

ಸೋಮವಾರಪೇಟೆಯಿಂದ

ಇಂಗ್ಲಿಷಿಗೆ ಅದು ಸರಿ. ಕನ್ನಡದ ತಪ್ಪುಪಟ್ಟಿ ಮೊದಲ ದಿನದಿಂದಲೇ ತಡೆಯಲಿ. ಅದರಲ್ಲಿರೋದೆಲ್ಲ ನೀವೇ ನೋಡಿ ಸೇರಿಸಿದ ತಪ್ಪುಗಳು, ಸುಳ್ಳು ಗೆರೆ ಬರುವುದು ತೀರಾ ಅಪರೂಪ. ಬಂದರೆ ಆ ಒಂದು ಸಾಲು ತೆಗೆದುಹಾಕಿ.