ಅಪ್‌ಡೇಟ್: ಕೊನೆಗೂ ಬ್ರಿಡ್ಜ್ ಕ್ಯಾಮೆರಾನೇ ತಗೊಂಡೆ

ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯ ಹಕ್ಕಿಗಳಿಗೂ ಬೀದರಿನ ಮಹಮೂದ್ ಗವಾನ್ ಮದರಸಾದ ಟೈಲ್ಸ್ ಫೋಟೋಗೂ ಒಂದೇ ಕ್ಯಾಮೆರಾ ಬೇಕು, ಜೊತೆಗೇ ಬರೋ 18-55 ಎಂಎಂ ಕಿಟ್ ಲೆನ್ಸಿನ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರೋ 1 ಇಂಚು ಸೆನ್ಸರಿನ (ಬೆಳಕು ಹಿಡಿಯೋ ಚಿಪ್) ಬ್ರಿಡ್ಜೋ, ಅಂದ್ರೆ ಉದ್ದ ಜೂಮ್ ಲೆನ್ಸ್ ಬಾಡಿಗೇ ಅಂಟಿಕೊಂಡಿರೋ ಕ್ಯಾಮೆರಾನೋ, ಅಂತ ಇಲ್ಲಿ ಹಿಂದೆ ಕೇಳಿದ್ದೆ. ಪ್ಯಾನಾಸೋನಿಕ್ ಎಫ್‌ಜೆಡ್1000 ತಗೊಂಡೆ.

ಸೆನ್ಸರ್ ಚಿಕ್ಕದು ಅಂತ ಹೇಳಿದವರ ಮಾತು ಸರಿ, 13.2×8.8 ಮಿ.ಮೀ. ಅಷ್ಟೇ. ಆದರೆ ಲೆನ್ಸ್ ಫುಲ್-ಫ್ರೇಮ್ ಲೆಕ್ಕದಲ್ಲಿ 25-400 ಎಂಎಂ, ಜೂಮ್ ತುದಿಯಲ್ಲೂ ಎಫ್/4 (ಈ ಅಂಕಿ ಚಿಕ್ಕದಿದ್ದಷ್ಟೂ ಬೆಳಕು ಜಾಸ್ತಿ). ಕ್ಯಾನನ್ ಡಿಎಸ್‌ಎಲ್‌ಆರಿಗೆ ಬೇರೆ ದುಡ್ಡು ಕೊಟ್ಟು 55-250 ಲೆನ್ಸ್ ಹಾಕಿದರೂ, ಅದರ ಸೆನ್ಸರಿನ ಲೆಕ್ಕಕ್ಕೆ 1.6ರಿಂದ ಗುಣಿಸಿದರೆ ಸಿಗೋದು ಅದೇ 400, ಅದೂ ಎಫ್/5.6. ಹಾಗಾಗಿ ದೊಡ್ಡ ಸೆನ್ಸರಿನ ಲಾಭ ಅಲ್ಲಿ ಸುಮಾರು ಅರ್ಧ ಸ್ಟಾಪಿಗೆ ಇಳಿಯುತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು). ಮಂದ ಬೆಳಕಿನ ಮದುವೆ ಮನೆ ಮಾತ್ರ ಬೇರೆ: 50 ಎಂಎಂ ಎಫ್/1.8 ಹಾಕಿದ ಡಿಎಸ್‌ಎಲ್‌ಆರ್ ಮುಂದೆ ಇದು ನಿಲ್ಲಲ್ಲ.

ನನ್ನ ಸೆಟ್ಟಿಂಗ್: ಶಟರ್ ಕೂತ ಹಕ್ಕಿಗೆ 1/500 ಸೆಕೆಂಡ್, ಹಾರೋದಕ್ಕೆ 1/2000, ಎಫ್/4, ಆಟೋ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಮಿತಿ 1600, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಜೊಂಡಿನ ಮುಂದೆ ಹಾರುವಾಗ ಫೋಕಸ್ ಹಿಂದಿನ ಜೊಂಡಿಗೆ ಹಿಡಿಯುತ್ತೆ. ಮೊದಲು ಜೂಮ್ ಕಡಿಮೆ ಇಟ್ಟು ಹಕ್ಕಿ ಹಿಡಿದು, ಆಮೇಲೆ ಉದ್ದ ಮಾಡಬೇಕು. ಟೈಲ್ಸಿಗೆ ಎಫ್/5.6 ಸಾಕು, ಎಫ್/8ಕ್ಕೆ ಹೋದರೆ ಡಿಫ್ರಾಕ್ಷನ್ನಿಂದ (ಸಣ್ಣ ರಂಧ್ರದಲ್ಲಿ ಬೆಳಕು ಹರಡೋದರಿಂದ) ಗೆರೆ ಮೆತ್ತಗಾಗುತ್ತೆ.

ನಮ್ಮ ಕಡೆ ಬೇಸಿಗೆ ಬಿಸಿಲು ಏರಿದ ಮೇಲೆ 400ರಲ್ಲಿ ದೂರದ ಹಕ್ಕಿ ಅಲುಗಿದಂತೆ ಕಾಣೋದು ಬಿಸಿಗಾಳಿಯಿಂದ. ಯಾವ ಕ್ಯಾಮೆರಾ ಇದ್ದರೂ ಅಷ್ಟೇ, ಬೆಳಿಗ್ಗೆ ಬೇಗ ಹೋಗ್ರಿ. ಲೆನ್ಸ್ ಬದಲಿಸೋದಿಲ್ಲ ಅಂದ್ರೆ ಧೂಳಿನ ಕಾಟ ಇಲ್ಲ ಅಂತಲ್ಲ. ಜೂಮ್ ಹೊರಗೆ ಬಂದಾಗ ಮೇಲೆ ಕೂತ ಧೂಳನ್ನ ಬ್ಲೋವರಿಂದ ಊದಿ ತೆಗೆದೇ ಒಳಗೆ ಎಳೀರಿ. ಸೆನ್ಸರಿಗೆ ಹೋದರೆ ಬಿಚ್ಚದೆ ತೆಗೆಯೋಕಾಗಲ್ಲ.