ಕಾರ್ಯಕ್ರಮಗಳು ನಿಂತಾಗ, ಕೈ ಬಿಗಿಯಾದಾಗ ಕಲೆಯನ್ನು ಕಲಿಯುವುದು, ನೋಡುವುದು, ಬೆಂಬಲಿಸುವುದು ಹೇಗೆ?

ಪ್ರಶ್ನೆ: ಹೊಸಕಿವಿ

ಯಾವ ಕಾರ್ಯಕ್ರಮ ಯಾವಾಗ ರದ್ದಾಗುತ್ತದೋ, ಮುಂದಿನ ತಿಂಗಳು ಕೈಯಲ್ಲಿ ಎಷ್ಟು ಉಳಿಯುತ್ತದೋ ಹೇಳಲು ಬಾರದ ಕಾಲಕ್ಕೆ ಹೊಂದುವ ದಾರಿ ಬೇಕಾಗಿದೆ. ಮೂರು ತೊಡಕುಗಳಿವೆ.

ಒಂದು, ಆನ್‌ಲೈನ್ ಸಂಗೀತ ಪಾಠ. ಶ್ರುತಿ ಹಾಕಿಕೊಂಡು ಹಾಡಿದರೆ ಗುರುಗಳಿಗೆ ಶ್ರುತಿ ಕೇಳಿಸುವುದೇ ಇಲ್ಲ, ದೀರ್ಘ ಸ್ವರ ನಡುವೆ ಕತ್ತರಿಸಿಹೋಗುತ್ತದೆ. ಇಬ್ಬರೂ ಒಟ್ಟಿಗೆ ತಾಳ ಹಾಕಿದರೆ ಸೇರುವುದಿಲ್ಲ. ಎರಡು, ಮ್ಯೂಸಿಯಂಗಳ ಜಾಲತಾಣದಲ್ಲಿ ಲಕ್ಷಗಟ್ಟಲೆ ಚಿತ್ರಗಳಿವೆ, ಒಂದು ಗಂಟೆ ನೋಡಿದರೂ ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ. ಚಿತ್ರಕಲೆ ಕಲಿಯಲು ಅವನ್ನು ಬಳಸುವುದು ಹೇಗೆ? ಮೂರು, ಕಲಾವಿದರಿಗೆ ಕೊಡಲು ಇರುವುದು ಸಣ್ಣ ಮೊತ್ತ, ಅದೂ ಪ್ರತಿ ತಿಂಗಳು ಖಾತ್ರಿಯಿಲ್ಲ. ನಡುವೆ ಸೋರದೆ ಅವರ ಕೈ ಸೇರಬೇಕಾದರೆ ಹೇಗೆ ಕೊಡಬೇಕು?

ಉತ್ತರ: ನಾದಬಿಂದು

ಮೊದಲು ತಾಳದ ವಿಷಯ, ಏಕೆಂದರೆ ಇದರಲ್ಲಿ ತಪ್ಪು ನಿಮ್ಮದೂ ಅಲ್ಲ, ಗುರುಗಳದೂ ಅಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಇಬ್ಬರು ಒಟ್ಟಿಗೆ ನುಡಿಸುವಾಗ 25–30 ಮಿಲಿಸೆಕೆಂಡ್ ತಡವನ್ನು ಹೇಗೋ ಸಂಭಾಳಿಸಬಹುದು. ಅಂದರೆ ಒಬ್ಬರಿಂದ ಒಬ್ಬರು ಎಂಟು–ಹತ್ತು ಮೀಟರ್ ದೂರ ಕೂತಂತೆ. ಅದನ್ನು ದಾಟಿದರೆ ನೀವು ಅವರಿಗಾಗಿ ಕಾಯುತ್ತೀರಿ, ಅವರು ನಿಮಗಾಗಿ ಕಾಯುತ್ತಾರೆ, ಲಯ ಎಳೆಯುತ್ತಾ ಹೋಗುತ್ತದೆ. ವಿಡಿಯೋ ಕರೆಯಲ್ಲಿ ಒಂದು ಕಡೆಯ ತಡವೇ 150 ಮಿಲಿಸೆಕೆಂಡ್ ಆಗುವುದು ಮಾಮೂಲು. ಐವತ್ತು ಮೀಟರ್ ಆಚೆಯವರ ಜೊತೆ ತಾಳ ಹಾಕಿದ ಹಾಗೆ. ಎಷ್ಟು ಅಭ್ಯಾಸ ಮಾಡಿದರೂ ಅದು ಕೂಡುವುದಿಲ್ಲ.

ನಿಯಮ ಇಷ್ಟೇ: ಒಂದಕ್ಕೊಂದು ಸೇರಬೇಕಾದ ಶಬ್ದಗಳೆಲ್ಲ ಒಂದೇ ತುದಿಯಲ್ಲಿ ಹುಟ್ಟಬೇಕು. ಹಾಡುವವರು ನೀವಾದರೆ ಶ್ರುತಿ, ತಾಳ, ಮೆಟ್ರೊನೋಮ್ ಎಲ್ಲ ನಿಮ್ಮ ಕೋಣೆಯಲ್ಲೇ ಇರಲಿ. ಗುರುಗಳು ಅಲ್ಲಿ ಸುಮ್ಮನೆ ಕೇಳಲಿ, ಅವರಿಗೆ ಎಲ್ಲವೂ ಒಟ್ಟಾಗಿಯೇ ತಲುಪುತ್ತದೆ. ಅವರು ಹಾಡಿ ತೋರಿಸುವಾಗ ತಾಳ ಅವರ ಕಡೆ, ನಿಮ್ಮ ಮೈಕ್ ಬಂದ್. ಅವರ ಜೊತೆಗೇ ಹಾಡಬೇಕಾದ ಅಭ್ಯಾಸಕ್ಕೆ ಮೊದಲೇ ಒಂದು ಧ್ವನಿಮುದ್ರಣ ತರಿಸಿಕೊಂಡು ನಿಮ್ಮಲ್ಲೇ ಹಾಕಿಕೊಳ್ಳಿ.

ಇನ್ನು ಶ್ರುತಿ ಮಾಯವಾಗುವುದು. ಕರೆಯ ತಂತ್ರಾಂಶ ಮಾತಿಗಾಗಿ ಮಾಡಿದ್ದು. ಏರಿಳಿತವಿಲ್ಲದೆ ಒಂದೇ ಸಮ ಬರುವ ಶಬ್ದ ಅದಕ್ಕೆ ಫ್ಯಾನಿನ ಸದ್ದಿನಂತೆ ಕಾಣುತ್ತದೆ, ಅಳಿಸಿಬಿಡುತ್ತದೆ. ತಂಬೂರಿ ಮೊದಲ ಬಲಿ. ಎಳೆದು ನಿಲ್ಲಿಸಿದ ಪಿಟೀಲಿನ ಅಥವಾ ಕೊಳಲಿನ ಸ್ವರ ಎರಡನೆಯದು. ಝೂಮ್ ಬಳಸುತ್ತಿದ್ದರೆ ಆಡಿಯೋ ಸೆಟ್ಟಿಂಗಿನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್’ ಆರಿಸಿ, ಅದರ ಕೆಳಗಿನ ಹೈ ಫಿಡೆಲಿಟಿ ಆಯ್ಕೆಯನ್ನೂ ಹಾಕಿ, ಎಕೋ ಕ್ಯಾನ್ಸಲೇಶನ್ (ಮರುದನಿ ಅಳಿಸುವ ಆಯ್ಕೆ) ತೆಗೆಯಿರಿ. ಕರೆ ಶುರುವಾದ ಮೇಲೆ ಪರದೆಯ ಮೇಲಿನ ಗುಂಡಿಯಲ್ಲೂ ಅದು ‘ಆನ್’ ಇದೆಯೇ ನೋಡಿ. ಸೆಟ್ಟಿಂಗಿನಲ್ಲಿ ಹಾಕಿ ಇಲ್ಲಿ ಮರೆಯುವವರೇ ಹೆಚ್ಚು. ಮೈಕ್ ಮಟ್ಟ ತಾನಾಗಿ ಹೊಂದಿಸುವ ಆಯ್ಕೆಯನ್ನೂ ತೆಗೆಯಲೇಬೇಕು. ಅದು ಇದ್ದರೆ ಮೆಲುದನಿಯನ್ನು ಎತ್ತಿ, ಗಟ್ಟಿದನಿಯನ್ನು ತಗ್ಗಿಸಿ ಎಲ್ಲವನ್ನೂ ಸಮ ಮಾಡುತ್ತದೆ. ನಿಮ್ಮ ಹಾಡಿನ ಏರಿಳಿತ ಗುರುಗಳಿಗೆ ತಿಳಿಯುವುದೇ ಇಲ್ಲ.

ಎಕೋ ಕ್ಯಾನ್ಸಲೇಶನ್ ತೆಗೆದಮೇಲೆ ಇಬ್ಬರೂ ಹೆಡ್‌ಫೋನ್ ಹಾಕಲೇಬೇಕು, ಇಲ್ಲದಿದ್ದರೆ ಅವರ ಸ್ಪೀಕರಿನ ಸದ್ದು ಅವರ ಮೈಕಿಗೇ ಹೋಗಿ ನಿಮ್ಮ ದನಿ ನಿಮಗೆ ಮರಳಿ ಬರುತ್ತದೆ. ತಂತಿ ಇರುವ ಹೆಡ್‌ಫೋನೇ ಇರಲಿ. ಬ್ಲೂಟೂತ್ ತಾನೇ 150–250 ಮಿಲಿಸೆಕೆಂಡ್ ತಡ ಸೇರಿಸಬಲ್ಲದು. ಅದರ ಮೈಕ್ ತೆರೆದ ಕ್ಷಣ ಫೋನ್ ಕರೆಯ ಮೋಡ್‌ಗೆ ಇಳಿದು ಶಬ್ದವೆಲ್ಲ ಹಳೆಯ ಟೆಲಿಫೋನಿನಂತಾಗುತ್ತದೆ. ಮೈಕ್ ಬಾಯಿಯಿಂದ 30–50 ಸೆಂ.ಮೀ. ದೂರದಲ್ಲಿ, ಸ್ವಲ್ಪ ಓರೆಯಾಗಿ ಇರಲಿ. ಶ್ರುತಿಯನ್ನು ಬೇರೊಂದು ಫೋನಿನಲ್ಲಿ ಹಾಕಿ ಒಂದು ಮೀಟರ್ ಆಚೆ ಇಡಿ. ಮುದ್ರಿಸುವಾಗ ಅತಿ ಗಟ್ಟಿ ಸ್ವರ ರೆಕಾರ್ಡರಿನ ಶಬ್ದಮಟ್ಟದ ಮೀಟರಿನಲ್ಲಿ -12ರಿಂದ -6 ಡೆಸಿಬೆಲ್ ನಡುವೆ ನಿಂತರೆ ಸಾಕು.

ವಾರದ ಅಭ್ಯಾಸವನ್ನು ಮುದ್ರಿಸಿ ಕಳಿಸುವುದಾದರೆ ಮೆಸೇಜಿನ ವಾಯ್ಸ್ ನೋಟ್ ಬೇಡ, ಅದು ಶಬ್ದವನ್ನು ವಿಪರೀತ ಹಿಂಡಿ ಕಿರಿದು ಮಾಡುತ್ತದೆ. ರೆಕಾರ್ಡರ್ ಆ್ಯಪಿನಲ್ಲಿ ಮುದ್ರಿಸಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. ನನ್ನ ಮಟ್ಟಿಗೆ ನೇರ ಪಾಠಕ್ಕಿಂತ ಈ ಕಳಿಸಿ-ತಿದ್ದಿಸಿಕೊಳ್ಳುವ ಕ್ರಮವೇ ಹೆಚ್ಚು ಕಲಿಸುತ್ತದೆ. ಇಂಟರ್ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ, ಗುರುಗಳು ‘1 ನಿಮಿಷ 40ನೇ ಸೆಕೆಂಡಿನಲ್ಲಿ ಸ್ವರ ಇಳಿದಿದೆ’ ಎಂದು ಬೆರಳಿಟ್ಟು ತೋರಿಸಬಹುದು.

ನಿಜವಾಗಿಯೂ ಜೊತೆಯಲ್ಲೇ ನುಡಿಸಬೇಕೆಂದರೆ ಜಾಕ್‌ಟ್ರಿಪ್, ಜಾಮ್ಯುಲಸ್, ಸೋನೊಬಸ್ ಎಂಬ ತಂತ್ರಾಂಶಗಳಿವೆ. ಜಾಕ್‌ಟ್ರಿಪ್ ಹುಟ್ಟಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಲ್ಲಿ. ಇವಕ್ಕೆ ವೈಫೈ ಸಾಲದು, ರೂಟರಿನಿಂದ ಕೇಬಲ್ ಎಳೆಯಬೇಕು. ದೂರವೂ ಲೆಕ್ಕಕ್ಕೆ ಬರುತ್ತದೆ: ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ, ಅಂದರೆ 1000 ಕಿ.ಮೀ.ಗೆ ದಾರಿಯಲ್ಲೇ 5 ಮಿಲಿಸೆಕೆಂಡ್ ಖರ್ಚು. ಉಳಿದದ್ದು ರೂಟರುಗಳಲ್ಲಿ, ಬಫರಿನಲ್ಲಿ (ಕಂಪ್ಯೂಟರ್ ಶಬ್ದವನ್ನು ಕ್ಷಣಹೊತ್ತು ಕೂಡಿಡುವ ಜಾಗ) ಹೋಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಶಬ್ದದ ತುಣುಕು) ಅಳೆಯುವಾಗ, 128 ಸ್ಯಾಂಪಲ್ ಬಫರ್ ಎಂದರೆ 2.7 ಮಿಲಿಸೆಕೆಂಡ್. ಇನ್ನೂ ಇಳಿಸಿದರೆ ತಡ ಕಡಿಮೆ, ಆದರೆ ಕಂಪ್ಯೂಟರ್ ಸೋತು ಪಟಪಟ ಸದ್ದು ಬರುತ್ತದೆ. ಆಗ ಒಂದು ಮೆಟ್ಟಿಲು ಮೇಲಕ್ಕೆ ಹಾಕಿ.

ಉತ್ತರ: ಇದ್ದಿಲು_ಕಾಗದ

ಎರಡನೆಯದಕ್ಕೆ. ಮನಸ್ಸಿನಲ್ಲಿ ನಿಲ್ಲದಿರಲು ಕಾರಣ ಗಮನ ಕಡಿಮೆ ಎಂದಲ್ಲ, ಪರದೆಯ ಮೇಲೆ ಎಲ್ಲ ಚಿತ್ರವೂ ಅಂಗೈಯಗಲ ಆಗಿಬಿಡುವುದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ರೆಂಬ್ರಾಂಟನ ‘ನೈಟ್ ವಾಚ್’ ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. ಅದೇ ಮ್ಯೂಸಿಯಂನ ವೆರ್ಮೀರನ ‘ಹಾಲು ಸುರಿಯುವವಳು’ 45.5 × 41 ಸೆಂ.ಮೀ. ಮಾತ್ರ. ಫೋನಿನಲ್ಲಿ ಎರಡೂ ಒಂದೇ. ಆದ್ದರಿಂದ ಮೊದಲ ಕೆಲಸ: ಚಿತ್ರದ ಅಳತೆ ಓದಿ, ಗೋಡೆಯ ಮೇಲೆ ಕಾಗದದ ಟೇಪಿನಿಂದ ಅಷ್ಟೇ ದೊಡ್ಡ ಚೌಕಟ್ಟು ಅಂಟಿಸಿ. ಗೋಡೆ ಸಾಲದಿದ್ದರೆ ಒಂದು ಮೂಲೆಯನ್ನಾದರೂ ಗುರುತು ಮಾಡಿ. ಚಿತ್ರದೊಳಗಿನ ಮುಖ ನಿಮ್ಮ ಮುಖದಷ್ಟಿದೆಯೇ, ಹೆಬ್ಬೆರಳಿನಷ್ಟಿದೆಯೇ ಎಂಬುದು ಆಗ ಗೊತ್ತಾಗುತ್ತದೆ.

ಒಂದು ಕೂರಿಕೆಗೆ ಒಂದೇ ಚಿತ್ರ, ಅರ್ಧ ಗಂಟೆ. ಮೊದಲ ಐದು ನಿಮಿಷ ಹೆಸರನ್ನಾಗಲಿ ವಿವರಣೆಯನ್ನಾಗಲಿ ಓದಬೇಡಿ. ಬೆಳಕು ಎಲ್ಲಿಂದ ಬರುತ್ತಿದೆ, ಅತಿ ಗಾಢ ಭಾಗ ಎಲ್ಲಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಬರೆದಿಡಿ. ಆಮೇಲೆ 5 × 7 ಸೆಂ.ಮೀ. ಪುಟ್ಟ ಚೌಕದಲ್ಲಿ ಬಿಳಿ, ಬೂದು, ಕಪ್ಪು ಮೂರೇ ಛಾಯೆಗಳಲ್ಲಿ ಚಿತ್ರವನ್ನು ಇಳಿಸಿ. ಕಣ್ಣು ಅರೆಮುಚ್ಚಿ ನೋಡಿದರೆ ವಿವರ ಕರಗಿ ಛಾಯೆ ಮಾತ್ರ ಉಳಿಯುತ್ತದೆ. ಮೂಗು-ಬಾಯಿ ಬರೆಯಲು ಹೊರಟಿರೋ, ಚೌಕ ದೊಡ್ಡದಾಯಿತು ಎಂದೇ ಅರ್ಥ. ಕೊನೆಯ ಹತ್ತು ನಿಮಿಷ ಹಿಗ್ಗಿಸಿ ನೋಡುವುದಕ್ಕೆ. ರೈಕ್ಸ್‌ಮ್ಯೂಸಿಯಂ 2022ರಲ್ಲಿ ‘ನೈಟ್ ವಾಚ್’ನ 717 ಗಿಗಾಪಿಕ್ಸೆಲ್ (71,700 ಕೋಟಿ ಚುಕ್ಕೆಗಳ) ಚಿತ್ರ ಹೊರತಂದಿದೆ. 8,439 ಬಿಡಿ ಫೋಟೋಗಳನ್ನು ಹೊಲಿದು ಮಾಡಿದ್ದು. ಅದರಲ್ಲಿ ಒಂದು ಪಿಕ್ಸೆಲ್ ಎಂದರೆ ಚಿತ್ರದ ಮೇಲಿನ 5 ಮೈಕ್ರೋಮೀಟರ್ ಜಾಗ. ಬಣ್ಣದ ಬಿರುಕು ಕೂಡ ಕಾಣುತ್ತದೆ. ಎದುರಿಗೆ ನಿಂತವರಿಗೂ ಆ ಹತ್ತಿರ ಸಿಗದು.

ಬಣ್ಣದ ವಿಷಯದಲ್ಲಿ ಮಾತ್ರ ಪರದೆಯನ್ನು ನಂಬಬೇಡಿ. ರಾತ್ರಿಯ ಹಳದಿ ಬೆಳಕಿನ ಮೋಡ್ ತೆಗೆದಿದ್ದೀರಾ ನೋಡಿಕೊಳ್ಳಿ. ಬೇರೆ ಬೇರೆ ತಾಣಗಳ ಫೋಟೋ ಇಟ್ಟು ಬಣ್ಣ ಹೋಲಿಸುವುದು ವ್ಯರ್ಥ.

ಕೈ ಪಳಗಿಸಲು ಫ್ರೆಂಚ್ ಕಲಾವಿದ ಶಾರ್ಲ್ ಬಾರ್ಗ್‌ನ ರೇಖಾಚಿತ್ರದ ಪಾಠಪಟಗಳು. 1866ರಿಂದ 1871ರ ನಡುವೆ ಚಿತ್ರಕಾರ ಜೆರೋಮ್‌ನ ಸಹಯೋಗದಲ್ಲಿ ಬಂದ 197 ಪಟಗಳು, ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಪಟವನ್ನು ಮುದ್ರಿಸಿ, ಅದರ ಪಕ್ಕದಲ್ಲೇ ಅಷ್ಟೇ ಅಳತೆಯ ಖಾಲಿ ಕಾಗದವನ್ನು ನೆಟ್ಟಗಿನ ಹಲಗೆಗೆ ಅಂಟಿಸಿ. ಎರಡೂ ಒಟ್ಟಿಗೆ ಕಾಣುವಷ್ಟು ಹಿಂದೆ ನಿಂತು ನೋಡಿ, ಮುಂದೆ ಬಂದು ಗುರುತು ಹಾಕಿ, ಮತ್ತೆ ಹಿಂದೆ ಹೋಗಿ ಪರೀಕ್ಷಿಸಿ. ಮೊದಲು ತುದಿ-ಬುಡದ ಎರಡು ಗುರುತು, ನಡುವೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟ ನೇರಗೆರೆ. ಆಮೇಲೆ ಹೊರರೇಖೆ, ಅದೂ ಬಾಗು ಇಲ್ಲದ ನೇರ ತುಂಡುಗಳಲ್ಲಿ. ಬಳಿಕ ನೆರಳಿನ ಅಂಚು. ಛಾಯೆ ತುಂಬುವುದು ಕಟ್ಟಕಡೆಗೆ. ಒಂದು ಪಟಕ್ಕೆ ಹದಿನೈದು ಗಂಟೆ ಹಿಡಿದರೆ ಅದು ನಿಧಾನವಲ್ಲ. ಕೆಡುವುದು ಎಲ್ಲಿ ಎಂದರೆ, ಕೂತಲ್ಲೇ ಮೇಜಿನ ಮೇಲೆ ಕಾಗದ ಚಪ್ಪಟೆ ಇಟ್ಟು ಬರೆಯುವಾಗ. ಮೇಲಿನ ಭಾಗ ಕಣ್ಣಿಗೆ ಕುಗ್ಗಿ ಕಾಣುವುದರಿಂದ ಕೈ ಅದನ್ನು ಉದ್ದ ಎಳೆಯುತ್ತದೆ.

ಫೈಲ್ ಇಳಿಸುವಾಗ ಪಿಕ್ಸೆಲ್ ನೋಡಿ: 30 ಸೆಂ.ಮೀ. ಅಗಲದ ಸ್ಪಷ್ಟ ಮುದ್ರಣಕ್ಕೆ ಸುಮಾರು 3500 ಬೇಕು. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಸ್ಮಿತ್ಸೋನಿಯನ್ 2020ರಿಂದ ಹಕ್ಕುಮುಕ್ತ ಚಿತ್ರಗಳನ್ನು ‘ಸಿಸಿ ಝೀರೋ’ ಗುರುತಿನಲ್ಲಿ ಕೊಡುತ್ತಿವೆ. ಆ ಗುರುತು ಇರುವುದನ್ನು ಹೇಗೆ ಬೇಕಾದರೂ ಬಳಸಬಹುದು. ಹುಡುಕುವಾಗಲೇ ಅದನ್ನು ಸೋಸಿಕೊಳ್ಳಿ.

ಉತ್ತರ: ಪಕ್ಕದ_ಪರದೆ

ಮೇಲಿನವರ ಮಾತಿಗೆ ನಾಟಕದ ಕಡೆಯಿಂದ ಒಂದು ಸೇರ್ಪಡೆ. ವಿಡಿಯೋದಲ್ಲಿ ಮುದ್ರಿಸಿದ ನಾಟಕದಲ್ಲಿ ಎತ್ತ ನೋಡಬೇಕೆಂದು ಕ್ಯಾಮೆರಾ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಹಾಗಾಗಿ ಇಡೀ ನಾಟಕ ಒಮ್ಮೆ, ಆಮೇಲೆ ಹತ್ತು ನಿಮಿಷದ ಒಂದೇ ದೃಶ್ಯ ಮೂರು ಸಲ: ಒಮ್ಮೆ ಮಾತಾಡುವವರನ್ನು, ಒಮ್ಮೆ ಸುಮ್ಮನಿರುವವರನ್ನು, ಒಮ್ಮೆ ಕಣ್ಣುಮುಚ್ಚಿ ಸದ್ದನ್ನು ಮಾತ್ರ. ರಂಗದ ನಕ್ಷೆ ಬರೆದು ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂದು ಬಾಣ ಹಾಕಿ. ಇದಕ್ಕೆ ಒಂದೇ ಕಡೆ ನೆಟ್ಟ ಕ್ಯಾಮೆರಾದ, ಇಡೀ ರಂಗ ಕಾಣುವ ಮುದ್ರಣವೇ ಮೇಲು, ನೋಡಲು ಎಷ್ಟೇ ಮಂಕಾಗಿದ್ದರೂ. ಇನ್ನೊಂದು ಮಾತು: ಉಚಿತ ಪ್ರದರ್ಶನಗಳು ಹೆಚ್ಚು ದಿನ ಇರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಯೂಟ್ಯೂಬಿನಲ್ಲಿ ಹಾಕತೊಡಗಿದ ನಾಟಕಗಳು ತಲಾ ಒಂದು ವಾರ ಮಾತ್ರ ಇದ್ದವು. ಆಮೇಲೆ ನೋಡೋಣ ಎಂದರೆ ಸಿಗುವುದಿಲ್ಲ.

ಉತ್ತರ: ಲೆಕ್ಕದ_ಪುಸ್ತಕ

ಹಣದ ವಿಷಯ. ಮಾಸಿಕ ಚಂದಾ ಕಟ್ಟಿ ಒಬ್ಬರದೇ ಹಾಡು ತಿಂಗಳೆಲ್ಲ ಕೇಳಿದರೆ ಆ ಚಂದಾ ಅವರಿಗೆ ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ. ದೊಡ್ಡ ಸ್ಟ್ರೀಮಿಂಗ್ ಸೇವೆಗಳಲ್ಲಿ ರೂಢಿಯ ಕ್ರಮವೆಂದರೆ ಎಲ್ಲರ ಚಂದಾ ಒಂದೇ ರಾಶಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆಯಾಗುವುದು. ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ಧ್ವನಿಮುದ್ರಣದ ರಾಯಧನ ಲೆಕ್ಕಹಾಕುವುದನ್ನೇ ನಿಲ್ಲಿಸಿದೆ. ಸಣ್ಣ ಕಲಾವಿದರಿಗೆ ನಿಮ್ಮ ಕೇಳಿಕೆಯಿಂದ ಹೊಟ್ಟೆ ತುಂಬದು. ಕೊಳ್ಳಬೇಕು.

ಕಲಾವಿದರು ತಮ್ಮ ಸಂಗೀತವನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು ಶೇ. 15, ಸಿ.ಡಿ., ಅಂಗಿಯಂಥ ವಸ್ತುಗಳಲ್ಲಿ ಶೇ. 10; ಹಣ ಪಾವತಿಯ ಶುಲ್ಕ ಬೇರೆ. 2020ರ ಮಾರ್ಚ್ 20ರಂದು ಶುರುವಾದ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ಗಳಲ್ಲಿ ತಾಣ ತನ್ನ ಪಾಲು ಬಿಟ್ಟುಕೊಡುತ್ತದೆ. ಕೊಳ್ಳುವುದನ್ನು ಆ ದಿನಕ್ಕೆ ಕೂಡಿಡಿ.

ನಿಮ್ಮ ಮೊತ್ತ ಸಣ್ಣದು ಎಂದಿರಿ. ಪ್ರತಿ ಪಾವತಿಗೂ ಒಂದು ನಿಗದಿತ ಶುಲ್ಕ ಇರುವಲ್ಲಿ ಐವರಿಗೆ ಚೂರು ಚೂರು ಕೊಟ್ಟರೆ ಶುಲ್ಕವೇ ತಿನ್ನುತ್ತದೆ. ಒಬ್ಬರನ್ನೋ ಇಬ್ಬರನ್ನೋ ಆರಿಸಿ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಕೊಡಿ, ಇಷ್ಟು ದಿನಕ್ಕೊಮ್ಮೆ ಕೊಡುತ್ತೇನೆ ಎಂದು ಮೊದಲೇ ತಿಳಿಸಿ. ಬರುವುದು ಯಾವಾಗ ಎಂದು ಗೊತ್ತಿರುವ ಸಣ್ಣ ಹಣ, ಯಾವಾಗಲೋ ಬರುವ ದೊಡ್ಡ ಹಣಕ್ಕಿಂತ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಲ್ಲಿಸಬೇಕಾದಾಗಲೂ ಹೇಳಿಯೇ ನಿಲ್ಲಿಸಿ. ಸಾಧ್ಯವಿದ್ದಲ್ಲಿ ಫೋನಿನ ಆ್ಯಪ್ ಒಳಗಿಂದ ಕೊಡುವ ಬದಲು ಬ್ರೌಸರಿನಿಂದ ಕೊಡಿ, ಆ್ಯಪ್ ಮಾರುವವರ ಪಾಲು ಅದರಲ್ಲಿ ಸೇರಿರಬಹುದು.

ರದ್ದಾದ ಕಾರ್ಯಕ್ರಮದ ಟಿಕೆಟ್ ಹಣ ಬಿಟ್ಟುಕೊಡುವ ಮುನ್ನ ಸಂಘಟಕರಿಗೆ ಒಂದು ಸಾಲು ಬರೆದು ಕೇಳಿ: ಇದರಲ್ಲಿ ಕಲಾವಿದರಿಗೆ ಹೋಗುವುದೆಷ್ಟು? ಸಂಸ್ಥೆಗೆ ಬಿಟ್ಟದ್ದು ತಾನಾಗಿ ಹಾಡಿದವರಿಗೆ, ಕುಣಿದವರಿಗೆ ತಲುಪುವುದಿಲ್ಲ. ಉತ್ತರ ಬರದಿದ್ದರೆ ಹಣ ವಾಪಸು ಪಡೆದು ನೇರವಾಗಿ ಕಲಾವಿದರಿಗೇ ಕಳಿಸಿ.

ಚಿತ್ರ ಬರೆಸುವುದಾದರೆ ಅಳತೆ, ಮಾಧ್ಯಮ, ದಿನಾಂಕ, ಎಷ್ಟು ಸಲ ತಿದ್ದುಪಡಿ ಎಂಬುದನ್ನು ಬರಹದಲ್ಲಿಟ್ಟು ಅರ್ಧ ಮುಂಗಡ ಕೊಡಿ. ಚಿತ್ರ ಕೊಂಡ ಮಾತ್ರಕ್ಕೆ ಅದನ್ನು ಮುದ್ರಿಸಿ ಹಂಚುವ ಹಕ್ಕು ಬಂದಂತಲ್ಲ, ಬೇಕಿದ್ದರೆ ಅದನ್ನು ಬೇರೆಯಾಗಿ ಕೇಳಿ, ಬೇರೆಯಾಗಿ ಕೊಳ್ಳಬೇಕು.

ಹೊಸಕಿವಿ

ಎಲ್ಲರಿಗೂ ಧನ್ಯವಾದ. ನಾದಬಿಂದು ಅವರೇ, ಹೇಳಿದಂತೆ ಸೆಟ್ಟಿಂಗ್ ಬದಲಿಸಿದಾಗ ಶ್ರುತಿ ಕೇಳಿಸುತ್ತಿದೆ. ಆದರೆ ಎರಡೂ ಕಿವಿ ಹೆಡ್‌ಫೋನಿನಲ್ಲಿ ಮುಚ್ಚಿದರೆ ಸ್ವರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ.

ನಾದಬಿಂದು

ಒಂದು ಕಿವಿ ತೆರೆದಿಡಿ. ಮುಚ್ಚಿದ ಕಿವಿಗೆ ನಿಮ್ಮ ದನಿ ಮೂಳೆಯ ಮೂಲಕ ಗುಂಯ್‌ಗುಡುತ್ತಾ ಕೇಳುತ್ತದೆ, ಆಚೆ ಇಟ್ಟ ಶ್ರುತಿಯಂತೂ ಸರಿಯಾಗಿ ಕೇಳುವುದೇ ಇಲ್ಲ. ಕಿವಿಯಿಂದ ಸರಿಸಿದ ಹೆಡ್‌ಫೋನಿನ ಬದಿಯನ್ನು ತಲೆಗೆ ಒತ್ತಿ ಇಡಿ, ಇಲ್ಲವಾದರೆ ಅದರಿಂದ ಸೋರುವ ಗುರುಗಳ ದನಿ ನಿಮ್ಮ ಮೈಕಿಗೆ ಹೋಗಿ ಅವರಿಗೇ ಮರುದನಿ ಕೇಳುತ್ತದೆ. ಶ್ರುತಿಯ ಫೋನನ್ನು ತೆರೆದ ಕಿವಿಯ ಕಡೆಗೇ ಇಟ್ಟುಕೊಳ್ಳಿ.