ವಠಾರ ಅಂದ್ರೆ ಕಾಂಡೋನಾ ಅಮ್ಮಾ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೆನಡಾದ ನಮ್ಮ ಕನ್ನಡದವರ ಫೋನ್ ಗುಂಪಿನಲ್ಲಿ ಮನೆಸಾಲದ ಬಡ್ಡಿ ಏರಿದಾಗಲೂ ಇಷ್ಟು ಮೆಸೇಜು ಬಂದಿರಲಿಲ್ಲ. "ಮಕ್ಕಳಿಗೆ ತೋರಿಸೋಕೆ ಒಂದು ಹಳೇ ಕನ್ನಡ ಕಾಮಿಡಿ ಸಿನಿಮಾ ಹೇಳಿ" ಅಂತ ನಾನು ಒಂದು ಸಾಲು ಬರೆದಿದ್ದೇ ತಪ್ಪಾಯಿತು. ಮೂರು ದಿನ ಫೋನು ಸುಮ್ಮನಾಗಲಿಲ್ಲ. ಹೋದ ಶನಿವಾರ ಸಿನಿಮಾ ತೋರಿಸಿದ್ದೂ ಆಯಿತು. ಹಿಮ ಬಿದ್ದು ರಸ್ತೆ ಸರಿಯಿಲ್ಲದೆ ಬರಲಾಗದವರು ಏನಾಯಿತು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತು ಓದಿ.

ಮೊದಲು ಜಗಳದ ಕಥೆ. ಮೈಸೂರಿನ ಅಕ್ಕ ಎರಡನೇ ಮಾತೇ ಇಲ್ಲ ಅನ್ನುವ ಹಾಗೆ 'ಗಣೇಶನ ಮದುವೆ' ಅಂದರು. 1990ರದ್ದು, ಫಣಿ ರಾಮಚಂದ್ರ ಅವರ ನಿರ್ದೇಶನ, ಅನಂತನಾಗ್, ವಿನಯಾ ಪ್ರಸಾದ್. ದಾವಣಗೆರೆ ದಂಪತಿಗೆ 'ಗುರು ಶಿಷ್ಯರು' ಆಗಬೇಕು. ವಿಷ್ಣುವರ್ಧನ್, ದ್ವಾರಕೀಶ್ ಇರುವ 1981ರ ಸಿನಿಮಾ. ಹಾಸನದ ಅಣ್ಣ ಜಗ್ಗೇಶ್ ಬಿಟ್ಟು ಬೇರೆ ಯಾರ ಹೆಸರನ್ನೂ ಎತ್ತಲು ಬಿಡಲಿಲ್ಲ. ಅವರಿಗೆ ನಾನು ಹೇಳಿದ್ದು ಇಷ್ಟೇ: ಅಣ್ಣಾ, 'ತರ್ಲೆ ನನ್ ಮಗ', 'ಭಂಡ ನನ್ನ ಗಂಡ', 'ಸೂಪರ್ ನನ್ನ ಮಗ', ಮೂರೂ 1992ರವು, ಮೂರೂ ನಾವು ನಕ್ಕು ಹೊಟ್ಟೆ ಹಿಡಿದುಕೊಂಡವು. ಆದರೆ ಸೋಮವಾರ ನಿಮ್ಮ ಮಗ ಕನ್ನಡ ತರಗತಿಗೆ ಹೋಗಿ ಟೀಚರ್ ಮುಂದೆ ಬರೀ ಆ ಹೆಸರುಗಳನ್ನು ಹೇಳಿದರೂ ಸಾಕು, ನನಗೆ ಫೋನ್ ಬರುತ್ತೆ.

ಇದರ ನಡುವೆ ಹೋದ ವರ್ಷ ಬಂದಿಳಿದ ನಮ್ಮ ಹುಡುಗ ಒಬ್ಬ, "ಹಳೇದು ಅಂದ್ರೆ 'ಕುರಿಗಳು ಸಾರ್ ಕುರಿಗಳು' ತರಹನಾ?" ಅಂತ ಕೇಳಿದ. ನಾವೆಲ್ಲ ನಕ್ಕೆವು. ಅದೇನು ಹಳೇದು, ಮೊನ್ನೆ ತಾನೇ ಬಂದಿದ್ದು! ಆಮೇಲೆ ಯಾರೋ ವರ್ಷ ನೋಡಿದರು. 2001. ಆ ಹುಡುಗ ಆಗ ಒಂದನೇ ಕ್ಲಾಸಿನಲ್ಲಿ ಇದ್ದನಂತೆ. ಗುಂಪು ಐದು ನಿಮಿಷ ತಣ್ಣಗಾಯಿತು.

ನನಗೆ ವೈಯಕ್ತಿಕವಾಗಿ 'ಗೌರಿ ಗಣೇಶ' ಇನ್ನೂ ಇಷ್ಟ. ಅದೇ ನಿರ್ದೇಶಕರದು, ಮರುವರ್ಷ ಬಂದಿದ್ದು. ಲಂಬೋದರನಾಗಿ ಅನಂತನಾಗ್ ಸುಳ್ಳು ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ನಗಿಸಲು ಕುಣಿಯಬೇಕಿಲ್ಲ, ಬೀಳಬೇಕಿಲ್ಲ ಅಂತ ತೋರಿಸಿಕೊಟ್ಟ ನಟ ಅವರು. ಆದರೆ ಒಂದೇ ಮಗುವನ್ನು ಮೂವರು ಗಂಡಸರ ಕೊರಳಿಗೆ ಗಂಟು ಹಾಕುವ ಕಥೆಯನ್ನು ಎಂಟು ವರ್ಷದವರಿಗೆ ನೀವು ವಿವರಿಸಿ, ನನ್ನ ಕೈಲಾಗದು. ಕಾಶಿನಾಥ್ ಅವರ 'ಅನುಭವ'ದ ಹೆಸರು ಬಂದ ಕೂಡಲೇ ನಾಲ್ಕು ಜನ ಅಮ್ಮಂದಿರು ಒಟ್ಟಿಗೆ "ಬೇಡ" ಅಂದರು. ವರದಕ್ಷಿಣೆ ಬಗ್ಗೆ ಇರುವ 'ಅವಳೇ ನನ್ನ ಹೆಂಡ್ತಿ'ಯನ್ನು ದೊಡ್ಡ ಮಕ್ಕಳಿಗೆ ಬೇಸಿಗೆಯಲ್ಲಿ ತೋರಿಸೋಣ ಅಂತ ಎತ್ತಿಟ್ಟಿದ್ದೇವೆ.

'ಅಮೆರಿಕಾ ಅಮೆರಿಕಾ' ಯಾಕೆ ಬೇಡ ಅಂತ ಇಬ್ಬರು ಕೇಳಿದರು. ಅದು ಕಾಮಿಡಿ ಅಲ್ಲ, ಅದೊಂದು ಕಾರಣ. ಇನ್ನೊಂದು ಕಾರಣ ನಾನು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಸಿನಿಮಾ ನೋಡುತ್ತಾ ಅಳುವುದು ನಾವು, ಮಕ್ಕಳಲ್ಲ. ಅವರಿಗೆ ಇದೇ ಊರು. ಊರು ಬಿಟ್ಟು ಬಂದ ನೋವನ್ನು ಊರು ಬಿಡದೇ ಇದ್ದವರಿಗೆ ತೋರಿಸಿ ಏನು ಮಾಡೋಣ? ಅದನ್ನು ನಿರ್ದೇಶಿಸಿದ ನಾಗತಿಹಳ್ಳಿ ಚಂದ್ರಶೇಖರ್ ಅವರೇ 1992ರಲ್ಲಿ ಮೊದಲು ನಿರ್ದೇಶಿಸಿದ್ದು 'ಉಂಡೂ ಹೋದ ಕೊಂಡೂ ಹೋದ'. ಹಳ್ಳಿಗೆ ಬಂದು ಎಲ್ಲರಿಗೂ ಟೋಪಿ ಹಾಕುವ ಮನುಷ್ಯನ ಕಥೆ. ಅದಕ್ಕೆ ನಾನು ಓಟು ಹಾಕಿದೆ, ಸೋತೆ. ಆ ಹೆಸರಿನ ಅರ್ಥ ಹೇಳು ಅಂತ ಮಗಳು ಕೇಳಿದಾಗ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಅಲ್ಲೂ ಸೋತೆ. ಉಂಡ, ಹೋದ, ಕೊಂಡುಹೋದ, ಮೂರೂ ಅವಳಿಗೆ ಬಿಡಿಬಿಡಿಯಾಗಿ ಗೊತ್ತು. ಒಟ್ಟಿಗೆ ಇಟ್ಟಾಗ ಬರುವ ಆ ಕಿಚಾಯಿಸುವ ದನಿ ಮಾತ್ರ ದಾಟುವುದಿಲ್ಲ.

ಹುಬ್ಬಳ್ಳಿ ಕಾಕಾ ಇದೆಲ್ಲ ಓದಿಕೊಂಡು ಸುಮ್ಮನೇ ಇದ್ದರು. ಕೊನೆಗೆ ಬರೆದರು: "ನಿಮ್ಮ ಸಿನಿಮಾದಾಗ ನಮ್ಮ ಮಾತು ಬರೂದು ಮಂದಿನ್ನ ನಗಸಾಕ ಅಷ್ಟ. ನಮ್ಮಂಗ ಮಾತಾಡೋ ಹೀರೋ ಎಷ್ಟ ಮಂದಿ ಅದಾರ, ಹೇಳ್ರಿ ನೋಡೂಣು." ಯಾರೂ ಉತ್ತರ ಕೊಡಲಿಲ್ಲ. ಕೊಡುವುದಕ್ಕೆ ಏನಿದೆ? ನಾವು ಮೆಚ್ಚುವ ಆ ಕಾಲದ ಕಾಮಿಡಿಗಳಲ್ಲಿ ಹೆಚ್ಚಿನವು ಬೆಂಗಳೂರು-ಮೈಸೂರಿನ ಮಾತಿನವು. ಕಾಕಾನ ಮೊಮ್ಮಗಳು ಇಲ್ಲಿನ ಕನ್ನಡ ತರಗತಿಯಲ್ಲಿ "ಹೌದ್ರೀ" ಅಂದಾಗ ಬೇರೆ ಮಕ್ಕಳು ನಕ್ಕಿದ್ದರಂತೆ. ಅದು ಎಲ್ಲಿಂದ ಕಲಿತ ನಗು ಅಂತ ಯೋಚಿಸಬೇಕು.

ಕೊನೆಗೆ ಗೆದ್ದಿದ್ದು 'ಗಣೇಶನ ಮದುವೆ'. ನಮ್ಮ ಮಿಸಿಸಾಗಾ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೊಂದು ಮಕ್ಕಳು, ಏಳರಿಂದ ಹದಿನಾರು ವಯಸ್ಸಿನವರು. ಹೊರಗೆ ಮೈನಸ್ ಹದಿನಾಲ್ಕು. ಒಳಗೆ ಚುರುಮುರಿ, ಪಾಪ್‌ಕಾರ್ನ್ ಎರಡೂ.

ಸಿನಿಮಾ ಶುರುವಾಗಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಒಂಬತ್ತು ವರ್ಷದ ನನ್ನ ಮಗ ಕೇಳಿದ. "ವಠಾರ ಅಂದ್ರೆ ಕಾಂಡೋನಾ ಅಮ್ಮಾ?"

ಹೂಂ ಅಂದು ಮುಗಿಸಬಹುದಿತ್ತು. ಇಲ್ಲಿ ಸುತ್ತಮುತ್ತ ಇರುವುದೂ ಅದೇ, ಮೂವತ್ತು ನಲವತ್ತು ಮಹಡಿಯ ಕಾಂಡೋಗಳು. ಆದರೆ ಪಕ್ಕದ ಬಾಗಿಲಿನವರ ಹೆಸರು ಗೊತ್ತಿಲ್ಲದ ಮೇಲೆ ಅದೆಂಥ ವಠಾರ? ಸಿನಿಮಾ ನಿಲ್ಲಿಸಿದೆ. ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ನಡುವೆ ಒಂದು ನಲ್ಲಿ. ನೀರು ಬರುವ ಹೊತ್ತಿಗೆ ಬಿಂದಿಗೆಗಳ ಸಾಲು. ಬಿಂದಿಗೆ ಇಟ್ಟು ಒಳಗೆ ಹೋದರೆ ಜಾಗ ಉಳಿಯುತ್ತಾ ಹೋಗುತ್ತಾ ಅನ್ನುವುದೇ ದಿನಾ ಒಂದು ಜಗಳ. ರಾತ್ರಿ ಹತ್ತಕ್ಕೆ ಓನರ್ ಬಂದು ನಡುಮನೆಯ ದೀಪ ಆರಿಸುತ್ತಿದ್ದರು. ಯಾರ ಮನೆಗೆ ನೆಂಟರು ಬಂದರು, ಎಷ್ಟು ದಿನ ಇದ್ದರು, ಹೋಗುವಾಗ ಚೀಲ ದಪ್ಪ ಆಗಿತ್ತಾ, ಎಲ್ಲವೂ ಎಲ್ಲರಿಗೂ ಗೊತ್ತು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹುಬ್ಬಳ್ಳಿ ಕಾಕಾ ತಮ್ಮ ಓಣಿಯ ಕಥೆ ಎತ್ತಿಕೊಂಡರು. ನಿಜ ಹೇಳಬೇಕೆಂದರೆ ಮಕ್ಕಳು ಆ ಹೊತ್ತು ಸಿನಿಮಾಗಿಂತ ಜಾಸ್ತಿ ಕಾಕಾಗೆ ನಕ್ಕರು. ಈ ಸಲ ಅವರ ಮಾತಿನ ಧಾಟಿಗಲ್ಲ, ಅವರು ಹೇಳಿದ ವಿಷಯಕ್ಕೆ. ಆ ವ್ಯತ್ಯಾಸ ಕಾಕಾಗೂ ಗೊತ್ತಾಯಿತು ಅಂತ ಕಾಣುತ್ತೆ, ನಿಲ್ಲಿಸಲೇ ಇಲ್ಲ.

ಕಥೆಯ ಗಂಟು ಗೊತ್ತಲ್ಲ. ಎದುರಾದರೆ ಹಾವು ಮುಂಗುಸಿ ಹಾಗೆ ಕಚ್ಚಾಡುವ ಇಬ್ಬರು, ಮುಖ ನೋಡದೆ, ಯಾರೆಂದು ತಿಳಿಯದೆ ಒಬ್ಬರನ್ನೊಬ್ಬರು ಪ್ರೀತಿಸುತ್ತಿರುತ್ತಾರೆ. ಹದಿನಾಲ್ಕರ ನನ್ನ ಮಗಳು ಅರ್ಧದಲ್ಲೇ ತೀರ್ಪು ಕೊಟ್ಟಳು. "ಒಂದು ಫೋಟೋ ಕಳಿಸಿದ್ರೆ ಸಿನಿಮಾ ಮುಗೀತಿತ್ತು." ಸರಿಯಾದ ಮಾತೇ. ಆ ಕಾಲದ ಅರ್ಧಕ್ಕರ್ಧ ಕಾಮಿಡಿಗಳು ನಿಂತಿರುವುದೇ ಫೋನ್ ಇಲ್ಲದಿರುವುದರ ಮೇಲೆ. ಲ್ಯಾಂಡ್‌ಲೈನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಯಾರು ಯಾರೆಂದು ತಿಳಿಯಲು ಎದುರಿಗೇ ಬರಬೇಕಿತ್ತು, ಆದ್ದರಿಂದಲೇ ತಪ್ಪು ತಿಳಿಯುವುದಕ್ಕೆ ಅಷ್ಟು ಜಾಗ ಇತ್ತು. ಹಾಲಿವುಡ್‌ನಲ್ಲಿ ಇಮೇಲ್ ಇಟ್ಟುಕೊಂಡು ಇದೇ ಗಂಟಿನ ಸಿನಿಮಾ 1998ರಲ್ಲಿ ಬಂತು, ನಮ್ಮದು ಅದಕ್ಕಿಂತ ಎಂಟು ವರ್ಷ ಮೊದಲು ಅಂತ ಮೈಸೂರಿನ ಅಕ್ಕ ಎದೆಯುಬ್ಬಿಸಿ ಹೇಳಿದರು. ಹೆಚ್ಚು ಉಬ್ಬಿಸುವುದು ಬೇಡ ಅಕ್ಕಾ. ಹಾಲಿವುಡ್‌ನವರು 1940ರಲ್ಲೇ ಕಾಗದ ಪತ್ರ ಇಟ್ಟುಕೊಂಡು ಇದೇ ಗಂಟು ಹಾಕಿದ್ದರು. ಗಂಟು ಎಲ್ಲರದೂ ಒಂದೇ. ಅದನ್ನು ವಠಾರದ ನಡುವೆ ತಂದಿಟ್ಟಿದ್ದು ನಮ್ಮವರ ಜಾಣತನ.

ಮಕ್ಕಳು ಎಲ್ಲಿ ನಕ್ಕರು ಅನ್ನುವುದೇ ನನಗೆ ದೊಡ್ಡ ಆಶ್ಚರ್ಯ. ನಾವು ಕಾದು ಕೂತ ಡೈಲಾಗುಗಳಿಗೆ ಕಲ್ಲಿನ ಹಾಗೆ ಕೂತಿದ್ದರು. ಮುಖ್ಯಮಂತ್ರಿ ಚಂದ್ರು ಏನೂ ಹೇಳದೆ ಸುಮ್ನೆ ನೋಡಿದರೆ ಸಾಕು, ಉರುಳಾಡಿ ನಕ್ಕರು. ಆ ಕಾಲಕ್ಕೆ ಎಂಥ ಮುಖಗಳಿದ್ದವು ನೋಡಿ. ಉಮೇಶ್, ಎನ್.ಎಸ್. ರಾವ್, ದಿನೇಶ್, ಮುಸುರಿ ಕೃಷ್ಣಮೂರ್ತಿ, ಧೀರೇಂದ್ರ ಗೋಪಾಲ್, ಉಮಾಶ್ರೀ. ಹೀರೋ ಮರೆತರೂ ಇವರು ಮರೆಯುವುದಿಲ್ಲ. ದೂರದರ್ಶನದಲ್ಲಿ ವಾರಕ್ಕೊಂದು ಸಿನಿಮಾ ಬರುತ್ತಿದ್ದಾಗ, ಎದುರುಮನೆಯ ಟಿವಿ ಮುಂದೆ ಇಪ್ಪತ್ತು ಜನ ಕೂತಾಗ, ಹೆಸರುಗಳು ಬರುವ ಮೊದಲೇ "ಉಮೇಶ್ ಇದ್ದಾನಾ?" ಅಂತ ಕೇಳುತ್ತಿದ್ದರು ನಮ್ಮ ತಾತ. ಸರಿಯಾದ ಹೊತ್ತಿಗೆ 'ರುಕಾವಟ್ ಕೇ ಲಿಯೇ ಖೇದ್ ಹೈ', ಅಂದರೆ 'ಅಡಚಣೆಗಾಗಿ ವಿಷಾದಿಸುತ್ತೇವೆ', ಅಂತ ಬರುತ್ತಿತ್ತು. ಇದನ್ನು ಹೇಳಿದೆ. "ಓ, ಬಫರಿಂಗ್," ಅಂದ ಮಗ.

ಒಂದು ವಿಷಯ ಮುಚ್ಚಿಡಬಾರದು. ಮೊದಲೇ ನೋಡಿ ಆರಿಸೋಣ ಅಂತ ಹಿಂದಿನ ವಾರ ಮಗಳ ಜೊತೆ ಇನ್ನೊಂದು ಸಿನಿಮಾ ಹಾಕಿದ್ದೆ. ಹೆಸರು ಬೇಡ, ನಿಮಗೂ ಇಷ್ಟದ್ದೇ ಇರಬಹುದು. ಅದರಲ್ಲಿ ಒಬ್ಬ ತೊದಲುತ್ತಾನೆ, ಅದೇ ಜೋಕು. ಒಬ್ಬಳು ದಪ್ಪ, ಅದೇ ಜೋಕು. ಹೆಂಡತಿಗೆ ಕೆನ್ನೆಗೆ ಬಾರಿಸಿದ ಮೇಲೆ ಮನೆ ಸರಿಹೋಗುತ್ತೆ. ಹತ್ತು ವರ್ಷದವಳಿದ್ದಾಗ ನಾನು ಇದಕ್ಕೆಲ್ಲ ನಕ್ಕಿದ್ದೆ ಅನ್ನುವುದು ಚೆನ್ನಾಗಿ ನೆನಪಿದೆ. ಈಗ ಫಾರ್ವರ್ಡ್ ಒತ್ತಿದೆ. ಮಗಳು ಕೇಳಿದಳು, "ಯಾಕೆ ಓಡಿಸ್ತಿದ್ದೀಯ?" ಏನೋ ಒಂದು ಹೇಳಿದೆ. ಅವಳು ರಿಮೋಟ್ ತೆಗೆದುಕೊಂಡು ಹಿಂದೆ ಹೋಗಿ ಪೂರ್ತಿ ನೋಡಿದಳು. ನಗಲಿಲ್ಲ. ಆಮೇಲೆ, "ನೀನು ಇದಕ್ಕೆ ನಗ್ತಿದ್ಯಾ?" ಅಂದಳು. ಹೌದು ಅಂದೆ. ಹಳೇದೆಲ್ಲ ಬಂಗಾರ ಅನ್ನುವ ಗುಂಪಿನ ಹಿರಿಯರು ಒಂದು ಸಲ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಆಮೇಲೆ ಮಾತಾಡೋಣ.

ಸಬ್‌ಟೈಟಲ್ ಹಾಕಬೇಕಿತ್ತು ಅಂತ ಕೆಲವರು ಹೇಳಿದ್ದೀರಿ. ಒಂದು ಸಂಜೆ ಕೂತು ಪ್ರಯತ್ನಿಸಿದೆ. 'ತಲೆಹರಟೆ'ಗೆ ಬಂದು ನಿಂತೆ. 'ಕೊರೀತಾನೆ', 'ಬೊಗಳೆ', 'ಅಧಿಕಪ್ರಸಂಗಿ', ಒಂದಕ್ಕೂ ಸರಿಯಾದ ಜೋಡಿ ಸಿಗಲಿಲ್ಲ. ಆಗ ಹೊಳೆದದ್ದು ಒಂದಿದೆ. ನಮ್ಮ ಮಕ್ಕಳಿಗೆ ಕನ್ನಡ ಬರಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಏಳು, ಹಲ್ಲುಜ್ಜು, ಹಾಲು ಕುಡಿ, ಶೂ ಹಾಕ್ಕೋ, ಮಲಗು, ಇದೆಲ್ಲ ಚೆನ್ನಾಗಿ ಬರುತ್ತೆ. ಅಂದರೆ ನಾವು ಹೇಳುವ, ಅವರು ಕೇಳುವ ಕನ್ನಡ. ತರಗತಿಯಲ್ಲಿ ಅ ಆ ಇ ಈ, ಹಣ್ಣು ತರಕಾರಿ ಹೆಸರು, ರಾಜ್ಯೋತ್ಸವಕ್ಕೆ ಒಂದು ಭಾಷಣ. ಆದರೆ ಅಕ್ಕ ತಮ್ಮ ಜಗಳ ಆಡುವುದು ಇಂಗ್ಲಿಷಿನಲ್ಲಿ. ಎದುರುತ್ತರ ಕೊಡುವುದು, ಕಾಲೆಳೆಯುವುದು, ಸುಳ್ಳು ಹೇಳಿ ಸಿಕ್ಕಿಬೀಳುವುದು, ಎಲ್ಲ ಇಂಗ್ಲಿಷಿನಲ್ಲಿ. ಜಗಳದ ಕನ್ನಡ ನಾವು ಅವರಿಗೆ ಕೊಡಲೇ ಇಲ್ಲ. ಎಲ್ಲಿಂದ ಕೊಡೋಣ? ನಾನೂ ಅವರಪ್ಪನೂ ಮಕ್ಕಳ ಮುಂದೆ ಜಗಳ ಆಡಬಾರದು ಅಂತ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇವೆ. ವಠಾರದಲ್ಲಿ ನಮಗೆ ಅದು ನಲ್ಲಿ ನೀರಿನ ಜೊತೆಗೇ ಬರುತ್ತಿತ್ತು.

ಈ ಹಳೇ ಕಾಮಿಡಿಗಳಲ್ಲಿ ತುಂಬಿರುವುದು ಅದೇ. ಎರಡು ಗಂಟೆ ಬರೀ ಎದುರುತ್ತರ.

ಭಾನುವಾರ ಮೈಸೂರಿನಲ್ಲಿರುವ ನಮ್ಮತ್ತೆಗೆ ವಿಡಿಯೋ ಕಾಲ್. ಸಾಮಾನ್ಯವಾಗಿ ಮಗನ ಮಾತು "ಚೆನ್ನಾಗಿದ್ದೀನಿ ಅಜ್ಜಿ, ಊಟ ಆಯ್ತು" ಅಲ್ಲಿಗೆ ಮುಗಿಯುತ್ತೆ. ಈ ಸಲ ಅವನೇ ಕೇಳಿದ. "ಅಜ್ಜಿ, ನಿಮ್ ವಠಾರದಲ್ಲೂ ಓನರ್ ಜೋರಿದ್ರಾ?" ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು. ಬಾಡಿಗೆ ಕೊಡಲು ಎರಡು ದಿನ ತಡವಾದಾಗ ಮಾವನವರು ಹಿತ್ತಲ ಬಾಗಿಲಿನಿಂದ ಆಫೀಸಿಗೆ ಹೋಗುತ್ತಿದ್ದ ಕಥೆ ಬಂತು. ಮದುವೆಯಾಗಿ ಹದಿನೇಳು ವರ್ಷ, ನಾನೇ ಕೇಳಿರಲಿಲ್ಲ. ನಲವತ್ತು ನಿಮಿಷ ಮಾತಾಡಿದರು. ಅಲ್ಲಿ ರಾತ್ರಿ ಹನ್ನೊಂದಾಗಿತ್ತು.

ಸೋಮವಾರ ಬೆಳಿಗ್ಗೆ ಮತ್ತೆ ಹಿಮ. ಡ್ರೈವ್‌ವೇ ಮೇಲಿನ ಹಿಮ ಯಾರು ತೆಗೆಯಬೇಕು ಅಂತ ಅಕ್ಕ ತಮ್ಮ ಶುರು ಮಾಡಿದರು. ಮಾಮೂಲಿ ಇಂಗ್ಲಿಷ್. ನಾನು ಒಲೆ ಮುಂದೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಮಗಳ ದನಿ: "ನಿನ್ ಯಾರ್ ಕೇಳಿದ್ರು? ಸುಮ್ನಿರೋ ತಲೆಹರಟೆ!" ಒಂದು ಕ್ಷಣ ಬಿಟ್ಟು ಮಗ: "ನೀನೇ ತಲೆಹರಟೆ! ನೀನೇ... ನೀನೇ ಓನರ್!"

ಬೈಯಬೇಕು ಅಂತ ಎರಡು ಹೆಜ್ಜೆ ಹೋದವಳು ಒಲೆ ಆರಿಸಿ ಬಾಗಿಲ ಹಿಂದೆ ನಿಂತೆ. ರವೆ ಸ್ವಲ್ಪ ಸೀದಿತ್ತು.

ಮುಂದಿನ ಸಿನಿಮಾ ಮಾರ್ಚ್ ಎರಡನೇ ಶನಿವಾರ, ನಾಲ್ಕು ಗಂಟೆಗೆ. ದಾವಣಗೆರೆಯವರ ಸರದಿ, ಆದ್ದರಿಂದ 'ಗುರು ಶಿಷ್ಯರು'. ಹೇಳಿದ್ದನ್ನು ಉಲ್ಟಾ ಮಾಡುವ ದಡ್ಡ ಶಿಷ್ಯರ ಕಥೆ, ಚಿಕ್ಕವರಿಗೆ ಇನ್ನೂ ಹಿಡಿಸುತ್ತೆ. ಮಂಡಕ್ಕಿ, ಮಿರ್ಚಿ ಅವರೇ ತರುತ್ತಾರಂತೆ. ನಡುವೆ ಸಿನಿಮಾ ನಿಲ್ಲಿಸಿ ಕಥೆ ಹೇಳಲು ಹುಬ್ಬಳ್ಳಿ ಕಾಕಾ ಒಪ್ಪಿದ್ದಾರೆ. ಬೇಸ್‌ಮೆಂಟ್ ನೆಲ ತುಂಬಾ ತಣ್ಣಗಿರುತ್ತೆ, ಮಕ್ಕಳಿಗೆ ದಪ್ಪ ಸಾಕ್ಸ್ ಹಾಕಿ ಕಳಿಸಿ.